1851 ನೇವಿ ಪ್ರತಿಕೃತಿ ರಿವಾಲ್ವರ್: ಸಿಲಿಂಡರ್ ತಪ್ಪಿ ತಿರುಗುತ್ತಿದೆ, ಏನು ಮಾಡಲಿ?

ಕೊಲಂಬಸ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಕೋಲ್ಟ್ 1851 ನೇವಿ ರಿವಾಲ್ವರಿನ ಇಟಲಿ ಪ್ರತಿಕೃತಿಯೊಂದನ್ನು ಈಚೆಗೆ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. .36 ಕ್ಯಾಲಿಬರ್, ಏಳೂವರೆ ಅಂಗುಲದ ಎಂಟು ಮೂಲೆಯ ನಳಿಗೆ, ಉಕ್ಕಿನ ಚೌಕಟ್ಟು, ಹಿತ್ತಾಳೆಯ ಟ್ರಿಗರ್ ಗಾರ್ಡ್. ಇಟಲಿಯ ಗಾರ್ಡೋನೆ ಪರೀಕ್ಷಾಲಯದ ಮುದ್ರೆಯೂ ಕಪ್ಪು ಮದ್ದಿಗೆ ಮಾತ್ರ ಎಂದು ತಿಳಿಸುವ 'ಪಿಎನ್' ಗುರುತೂ ಸ್ಪಷ್ಟವಾಗಿ ಕಾಣುತ್ತವೆ. ಸಿಲಿಂಡರಿನ ಸುತ್ತ ಕೆತ್ತಿರುವ ನೌಕಾಯುದ್ಧದ ಚಿತ್ರವೂ ಅಳಿಸಿಲ್ಲ. ಟೆಕ್ಸಸ್ ಪ್ರತ್ಯೇಕ ಗಣರಾಜ್ಯವಾಗಿದ್ದಾಗ ಅದರ ಹಡಗುಗಳು 1843ರಲ್ಲಿ ಕಾಂಪೆಚೆ ಬಳಿ ಮೆಕ್ಸಿಕೋ ನೌಕಾಪಡೆಯ ಜೊತೆ ನಡೆಸಿದ ಕಾಳಗ ಅದು. ಈ ಕೋವಿಗೆ 'ನೇವಿ' ಎಂಬ ಹೆಸರು ಬಂದದ್ದೂ ಆ ಚಿತ್ರದಿಂದಲೇ ಎನ್ನುತ್ತಾರೆ.

ಈಗ ತೊಂದರೆಗೆ ಬರುತ್ತೇನೆ. ಕುದುರೆಯನ್ನು, ಅಂದರೆ ಮದ್ದು ಹೊತ್ತಿಸಲು ಬಡಿಯುವ ಸುತ್ತಿಗೆಯನ್ನು, ನಿಧಾನವಾಗಿ ಎಳೆದರೆ ಸಿಲಿಂಡರ್ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಸ್ವಲ್ಪ ಬಿರುಸಾಗಿ ಎಳೆದರೆ ನಿಲ್ಲಬೇಕಾದ ಗಾಡಿಯನ್ನು (ಸಿಲಿಂಡರಿನ ಮೈಯಲ್ಲಿ ಕೊರೆದ ಕಚ್ಚನ್ನು) ದಾಟಿ ಮುಂದಕ್ಕೆ ಹೋಗುತ್ತದೆ. ಇನ್ನೊಂದು ವಿಚಿತ್ರ: ನಳಿಗೆಯನ್ನು ಆಕಾಶದ ಕಡೆ ಎತ್ತಿ ಕುದುರೆ ಎಳೆದರೆ ಸಿಲಿಂಡರ್ ತಿರುಗುವುದೇ ಇಲ್ಲ. ನಳಿಗೆ ನೆಲದ ಕಡೆ ಇದ್ದರೆ ತಿರುಗುತ್ತದೆ. ಒಡೆದ ಕೇಪಿನ (ಮದ್ದಿಗೆ ಕಿಡಿ ಕೊಡುವ ತಾಮ್ರದ ಪುಟ್ಟ ಟೋಪಿಯ) ಚೂರು ಒಳಗೆ ಬೀಳದಿರಲೆಂದು ಇಲ್ಲಿಯವರೆಲ್ಲ ನಳಿಗೆ ಎತ್ತಿಯೇ ಕುದುರೆ ಎಳೆಯುತ್ತಾರೆ. ಹಾಗಾಗಿ ಇದು ಹೀಗೇ ಇರುವಷ್ಟು ದಿನ ರೇಂಜಿಗೆ ಒಯ್ಯುವಂತಿಲ್ಲ. ಸಿಲಿಂಡರಿನ ಗಾಡಿಗಳ ಅಂಚು ಸ್ವಲ್ಪ ಉಬ್ಬಿದಂತೆಯೂ ಇದೆ. ಗಾಡಿಗಳಿಗೆ ವೆಲ್ಡಿಂಗ್ ಮಾಡಿಸಿ ಮತ್ತೆ ಕೊರೆಸಬೇಕೆಂದು ಒಬ್ಬರು ಹೇಳಿದರು. ಬಲ್ಲವರು ತಿಳಿಸಬೇಕು.

ತೀರ್ಥಹಳ್ಳಿ ತೋಟ

ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮತ್ತೆ ತರುವುದೇ ಒಂದು ಕೆಲಸ. ರಿವಾಲ್ವರ್ ನನಗೆ ಗೊತ್ತಿಲ್ಲ. ಆದರೆ ಕುದುರೆಯ ಕೆಳಗಿನ ಪಟ್ಟಿ ಸ್ಪ್ರಿಂಗ್ ಮುರಿದರೆ ಏನಾಗುತ್ತದೆಂಬುದು ಚೆನ್ನಾಗಿ ಗೊತ್ತು. ವೆಲ್ಡಿಂಗ್ ಮಾತ್ರ ಬೇಡ. ಮದ್ದಿನ ಒತ್ತಡ ತಡೆಯಬೇಕಾದ ಕಬ್ಬಿಣಕ್ಕೆ ಬೆಂಕಿ ತೋರಿಸಿದರೆ ಅದರ ಹದವೇ ಹೋಗುತ್ತದೆ. ಮೊದಲು ಒಳಗೆ ಬಿಚ್ಚಿ ನೋಡಿ.

ಟೂಲ್‌ರೂಮ್ ಪೀಣ್ಯ

ತೀರ್ಥಹಳ್ಳಿಯವರ ಮಾತು ನೂರಕ್ಕೆ ನೂರು ಸರಿ. ಸಿಲಿಂಡರಿಗೆ ವೆಲ್ಡಿಂಗ್ ಎಂದವರ ಮಾತನ್ನು ಇನ್ನು ಕೇಳಬೇಡಿ. ನಾನು ಡೈ ಮತ್ತು ಜಿಗ್ ಮಾಡುವ ಕೆಲಸದವನು. ಕೆನಡಾದಲ್ಲಿರುವ ಭಾವನ ಕೋಲ್ಟ್ ಪ್ರತಿಕೃತಿಗಳನ್ನು ಅಲ್ಲಿಗೆ ಹೋದಾಗ ಬಿಚ್ಚಿ ಜೋಡಿಸಿದ್ದೇನೆ, ಆ ಅನುಭವದ ಮೇಲೆ ಹೇಳುತ್ತೇನೆ.

ನೀವು ಕೊಟ್ಟ ಲಕ್ಷಣಗಳಲ್ಲೇ ಉತ್ತರವಿದೆ. ನಿಮ್ಮದು ಒಂದಲ್ಲ, ಎರಡು ದೋಷ.

ನಳಿಗೆ ಮೇಲೆತ್ತಿದಾಗ ತಿರುಗದಿರುವುದು ಮೊದಲನೆಯದು. ಕುದುರೆಗೆ ಅಂಟಿಕೊಂಡಂತೆ 'ಹ್ಯಾಂಡ್' ಎಂಬ ಸಣ್ಣ ತುಂಡು ಇರುತ್ತದೆ. ಸಿಲಿಂಡರಿನ ಹಿಂಬದಿಯ ಹಲ್ಲುಗಳನ್ನು ಮೇಲಕ್ಕೆ ದೂಡಿ ತಿರುಗಿಸುವುದು ಅದೇ. ಅದರ ಬೆನ್ನಿಗೆ ಕೂದಲೆಳೆಯ ಹಾಗೆ ತೆಳುವಾದ ಸ್ಪ್ರಿಂಗ್ ಇರುತ್ತದೆ, ಹ್ಯಾಂಡನ್ನು ಹಲ್ಲಿನ ಕಡೆಗೆ ಒತ್ತಿ ಹಿಡಿಯುವುದು ಅದರ ಕೆಲಸ. ಅದು ಮುರಿದರೆ ಹ್ಯಾಂಡ್ ಬರೀ ತನ್ನ ತೂಕಕ್ಕೆ ಅತ್ತಿತ್ತ ಬೀಳುತ್ತದೆ. ನಳಿಗೆ ಕೆಳಗಿದ್ದಾಗ ಮುಂದಕ್ಕೆ ಬಿದ್ದು ಹಲ್ಲಿಗೆ ಸಿಗುತ್ತದೆ, ಮೇಲಿದ್ದಾಗ ಹಿಂದಕ್ಕೆ ಬಿದ್ದು ಸಿಗುವುದಿಲ್ಲ. ಕೋಲ್ಟ್ ಮಾದರಿಗಳಲ್ಲಿ ಅತಿ ಹೆಚ್ಚು ಮುರಿಯುವ ಭಾಗಗಳಲ್ಲಿ ಇದೂ ಒಂದು.

ಬಿರುಸಾಗಿ ಎಳೆದಾಗ ಗಾಡಿ ದಾಟುವುದು ಎರಡನೆಯದು. ಇಲ್ಲಿ ಬೋಲ್ಟನ್ನು, ಅಂದರೆ ಗಾಡಿಯೊಳಗೆ ಕೂತು ಸಿಲಿಂಡರನ್ನು ನಿಲ್ಲಿಸುವ ತುಂಡನ್ನು, ನೋಡಬೇಕು. ಕುದುರೆ ಎಳೆಯಲು ಶುರು ಮಾಡಿದಾಗ ಕುದುರೆಯ ಪಕ್ಕದಲ್ಲಿರುವ ಉಬ್ಬು ಬೋಲ್ಟಿನ ಹಿಂಗಾಲನ್ನು ಎತ್ತುತ್ತದೆ. ಆಗ ಬೋಲ್ಟಿನ ತಲೆ ಗಾಡಿಯಿಂದ ಕೆಳಗಿಳಿದು ಸಿಲಿಂಡರ್ ಬಿಡುಗಡೆಯಾಗುತ್ತದೆ. ಮುಂದೆ ಆ ಕಾಲು ಉಬ್ಬಿನಿಂದ ಜಾರಿ ಬಿದ್ದಾಗ ತಲೆ ಟಪ್ಪೆಂದು ಮೇಲೆದ್ದು ಸಿಲಿಂಡರಿನ ಮೈಗೆ ಒತ್ತುತ್ತದೆ. ಕುದುರೆ ಪೂರ್ತಿ ಹಿಂದೆ ಬರುವ ಹೊತ್ತಿಗೆ ಮುಂದಿನ ಗಾಡಿಯೊಳಗೆ ಕೂರುತ್ತದೆ. ಅದನ್ನು ಮೇಲಕ್ಕೆ ದೂಡುವುದು ಎರಡು ಎಲೆಯ ಒಂದು ಪಟ್ಟಿ ಸ್ಪ್ರಿಂಗ್. ಒಂದು ಎಲೆ ಟ್ರಿಗರಿಗೆ, ಇನ್ನೊಂದು ಬೋಲ್ಟಿಗೆ. ಬೋಲ್ಟಿನ ಎಲೆ ಬಿರುಕು ಬಿಟ್ಟಿದ್ದರೆ ಅಥವಾ ಸೋತಿದ್ದರೆ ತಲೆ ತಡವಾಗಿ, ಸೋಮಾರಿಯಾಗಿ ಮೇಲೇಳುತ್ತದೆ. ಅಷ್ಟರಲ್ಲಿ ಗಾಡಿ ದಾಟಿಹೋಗಿರುತ್ತದೆ. ಗಾಡಿಯ ಅಂಚು ಉಬ್ಬಿರುವುದು ಇದರ ಪರಿಣಾಮವೇ ಹೊರತು ಕಾರಣವಲ್ಲ. ಆದ್ದರಿಂದ ಸಿಲಿಂಡರನ್ನು ಮುಟ್ಟಬೇಡಿ. ಸಿಲಿಂಡರ್ ದುಬಾರಿ, ಹ್ಯಾಂಡ್ ಮತ್ತು ಸ್ಪ್ರಿಂಗ್ ಅಗ್ಗ. ಅರ ಹಾಕುವುದಿದ್ದರೆ ಯಾವಾಗಲೂ ಅಗ್ಗದ ಭಾಗಕ್ಕೇ ಹಾಕಬೇಕು.

ಕೊಲಂಬಸ್ ಕನ್ನಡಿಗ

ಪೀಣ್ಯ ಸರ್, ಬಹಳ ಉಪಕಾರವಾಯಿತು. ಬಿಚ್ಚುವ ಕ್ರಮ ಹೇಗೆ? ಸ್ಕ್ರೂಗಳ ತಲೆ ಸವೆಯುವ ಭಯವಿದೆ.

ಟೂಲ್‌ರೂಮ್ ಪೀಣ್ಯ

ಮೊದಲು ಸಿಲಿಂಡರಿನ ಆರೂ ಕೋಣೆಗಳಲ್ಲಿ ಮದ್ದಿಲ್ಲ, ಅವುಗಳ ಹಿಂದೆ ಕೇಪು ಕೂರಿಸುವ ಯಾವ ನಿಪಲ್ ಮೇಲೂ ಕೇಪಿಲ್ಲ ಎಂದು ಕಣ್ಣಾರೆ ನೋಡಿ. ಈಡು ತುಂಬಿ ಮರೆತ ಕೋವಿ ಕಪ್ಪು ಮದ್ದಿನ ಕಾಲದಿಂದಲೂ ಜೀವ ತೆಗೆದಿದೆ.

ಸ್ಕ್ರೂಡ್ರೈವರ್ ವಿಷಯದಲ್ಲಿ ಜಿಪುಣತನ ಬೇಡ. ಸಾಮಾನ್ಯ ಸ್ಕ್ರೂಡ್ರೈವರಿನ ತುದಿ ಬೆಣೆಯಾಕಾರದಲ್ಲಿದ್ದು ಸೀಳಿನಿಂದ ಮೇಲಕ್ಕೆ ಜಾರುತ್ತದೆ. ಕೋವಿ ಕೆಲಸಕ್ಕೆಂದು ತುದಿಯ ಎರಡು ಮುಖಗಳನ್ನೂ ಸಮಾಂತರವಾಗಿ ಉಜ್ಜಿದ ಬಿಟ್‌ಗಳು ಸಿಗುತ್ತವೆ. ಸೀಳನ್ನು ಪೂರ್ತಿ ತುಂಬುವ ಬಿಟ್ ಆರಿಸಿಕೊಂಡರೆ ತಲೆ ಸವೆಯುವ ಪ್ರಶ್ನೆಯೇ ಇಲ್ಲ.

ಕುದುರೆಯನ್ನು ಅರ್ಧಕ್ಕೆ ಎಳೆದಿಡಿ. ನಳಿಗೆಯನ್ನು ಹಿಡಿದಿಡುವ ಬೆಣೆಯನ್ನು ನೈಲಾನ್ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ ಹೊರತೆಗೆಯಿರಿ. ನಳಿಗೆ ಬಿಗಿಯಾಗಿದ್ದರೆ ಎಳೆದಾಡಬೇಡಿ. ಸಿಲಿಂಡರನ್ನು ಸ್ವಲ್ಪ ತಿರುಗಿಸಿ, ಮದ್ದು ಒತ್ತುವ ಲಿವರಿನ ತುದಿ ಎರಡು ಕೋಣೆಗಳ ನಡುವಿನ ಗೋಡೆಗೆ ತಾಗುವಂತೆ ಮಾಡಿ ಲಿವರ್ ಒತ್ತಿ, ನಳಿಗೆ ತಾನಾಗಿ ಮುಂದಕ್ಕೆ ಬರುತ್ತದೆ. ಸಿಲಿಂಡರ್ ತೆಗೆಯಿರಿ. ಆಮೇಲೆ ಹಿಡಿಕೆ, ಕುದುರೆಯ ದೊಡ್ಡ ಸ್ಪ್ರಿಂಗ್, ಟ್ರಿಗರ್ ಗಾರ್ಡ್. ಆಗ ಆ ಎರಡು ಎಲೆಯ ಸ್ಪ್ರಿಂಗ್ ಎದುರಿಗೇ ಕಾಣುತ್ತದೆ. ಅದರ ಸ್ಕ್ರೂ, ನಂತರ ಬೋಲ್ಟ್, ಟ್ರಿಗರ್, ಕೊನೆಗೆ ಕುದುರೆಯ ಸ್ಕ್ರೂ. ಕುದುರೆ ಹ್ಯಾಂಡಿನೊಂದಿಗೆ ಚೌಕಟ್ಟಿನ ಕೆಳಗಿನಿಂದ ಹೊರಬರುತ್ತದೆ. ಸ್ಕ್ರೂಗಳ ಉದ್ದ ಬೇರೆಬೇರೆ, ಕಾಗದದ ಮೇಲೆ ಕೋವಿಯ ಚಿತ್ರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ.

ಹೊಸಬ ಡಲ್ಲಾಸ್

ಕ್ಷಮಿಸಿ, ನಡುವೆ ಒಂದು ಪ್ರಶ್ನೆ. ಇದಕ್ಕೆ ಪರವಾನಗಿ ಬೇಡವೇ? ಬೆಂಗಳೂರಿಗೆ ಹೋಗುವಾಗ ತಂದೆಯವರಿಗೆ ಒಂದನ್ನು ಒಯ್ಯಬಹುದೇ? ಅವರಿಗೆ ಹಳೆಯ ಆಯುಧಗಳೆಂದರೆ ಪ್ರಾಣ.

ಕೊಲಂಬಸ್ ಕನ್ನಡಿಗ

ಅಮೆರಿಕದ 1968ರ ಗನ್ ಕಂಟ್ರೋಲ್ ಕಾಯ್ದೆಯಲ್ಲಿ, ಸಿದ್ಧ ತೋಟಾ ಬಳಸದ ಇಂಥ ಪ್ರತಿಕೃತಿಗಳು ಪುರಾತನ ಆಯುಧದ ವರ್ಗಕ್ಕೆ ಸೇರುತ್ತವೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಕೊಳ್ಳುವ ಮುಂಚೆ ನಿಮ್ಮ ರಾಜ್ಯದ ನಿಯಮ ಓದಿ.

ಮಡಿಕೇರಿ ಮಂಜು

ಬೆಂಗಳೂರಿಗೆ ಒಯ್ಯುವ ಯೋಚನೆಯನ್ನು ಇಲ್ಲಿಗೇ ಬಿಡಿ. ಪ್ರತಿಕೃತಿಯಾದರೂ ಗುಂಡು ಹಾರಿಸುವುದು ಆಯುಧವೇ. ಭಾರತದಲ್ಲಿ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು 1959ರ ಆಯುಧ ಕಾಯ್ದೆಯಡಿ ಅಪರಾಧ. ವಿಮಾನ ನಿಲ್ದಾಣದಲ್ಲೇ ತಂದೆಯವರಿಗೂ ನಿಮಗೂ ಕಷ್ಟವಾಗುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ, 2019ರಲ್ಲಿ ಅದು ಹತ್ತು ವರ್ಷಕ್ಕೆ ಮುಂದುವರಿಯಿತು. ಅದನ್ನು ಕೇಳಿಕೊಂಡು ಎಲ್ಲರಿಗೂ ಸಲ್ಲುತ್ತದೆಂದು ಭಾವಿಸುವವರಿದ್ದಾರೆ, ಅದಕ್ಕಾಗಿ ಹೇಳಿದೆ. ನಮ್ಮಲ್ಲಿ ಕೈಲ್ ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪೂಜೆಯಷ್ಟೇ ಶ್ರದ್ಧೆಯಿಂದ ನಿಯಮವನ್ನೂ ಪಾಲಿಸಬೇಕೆಂದು ಮನೆಯ ಹಿರಿಯರು ಕಲಿಸಿದ್ದಾರೆ.

ಕೊಲಂಬಸ್ ಕನ್ನಡಿಗ

ಬಿಚ್ಚಿದೆ. ಪೀಣ್ಯ ಸರ್ ಹೇಳಿದ್ದು ಅಕ್ಷರಶಃ ನಿಜ. ಹ್ಯಾಂಡಿನ ಸ್ಪ್ರಿಂಗ್ ಬುಡದಲ್ಲೇ ಮುರಿದು ಅದರ ತುಂಡು ಚೌಕಟ್ಟಿನ ತಳದ ಹಳೆಯ ಗ್ರೀಸಿನಲ್ಲಿ ಹೂತುಕೊಂಡಿತ್ತು. ಎರಡು ಎಲೆಯ ಸ್ಪ್ರಿಂಗಿನಲ್ಲಿ ಬೋಲ್ಟಿನ ಎಲೆಗೆ ಅಡ್ಡಲಾಗಿ ಕೂದಲಿನಂಥ ಬಿರುಕು. ದೀಪಕ್ಕೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುತ್ತದೆ. ಹೊಸ ಹ್ಯಾಂಡ್, ಹೊಸ ಬೋಲ್ಟ್, ಹೊಸ ಸ್ಪ್ರಿಂಗ್ ಮೂರನ್ನೂ ತರಿಸಿದ್ದೇನೆ. ಇಲ್ಲಿನ ಗೆಳೆಯರೊಬ್ಬರು ತಲೆಗೂದಲಿನ ಪಿನ್ನನ್ನು ಕತ್ತರಿಸಿ ಹ್ಯಾಂಡಿನ ಸ್ಪ್ರಿಂಗ್ ಮಾಡಿಕೊಳ್ಳಬಹುದು, ಹೊಸದೇಕೆ ಎನ್ನುತ್ತಾರೆ.

ಬರ್ಮಿಂಗ್‌ಹ್ಯಾಮ್ 25

ಆ ಪಿನ್ನಿನ ಉಪಾಯ ಹಳೆಯದು, ಕೆಲಸ ಮಾಡುತ್ತದೆ ಕೂಡ. ಅದೇ ಪಿನ್ನಿನಲ್ಲಿ ವರ್ಷಗಟ್ಟಲೆ ಹೊಡೆದವರನ್ನು ಬಲ್ಲೆ. ಹೊಸ ಹ್ಯಾಂಡ್ ಕೈಯಲ್ಲಿರುವಾಗ ನಿಮಗೆ ಅದರ ಅಗತ್ಯವಿಲ್ಲ. ಆದರೆ ಹಳೆಯ ಹ್ಯಾಂಡಿಗೆ ಪಿನ್ ಹಾಕಿ ಪೆಟ್ಟಿಗೆಯಲ್ಲಿಟ್ಟುಕೊಳ್ಳಿ, ಸ್ಪರ್ಧೆಯ ದಿನ ಒದಗುತ್ತದೆ.

ಟೂಲ್‌ರೂಮ್ ಪೀಣ್ಯ

ಹೊಸ ಭಾಗಗಳು ಹಾಗೆಯೇ ಕೂರುತ್ತವೆಂದು ಎಣಿಸಬೇಡಿ. ಬೇಕೆಂದೇ ತುಸು ದೊಡ್ಡದಾಗಿ ಮಾಡಿರುತ್ತಾರೆ. ಹ್ಯಾಂಡ್ ಉದ್ದವಾಗಿದ್ದರೆ ಸಿಲಿಂಡರ್ ಬಂದು ನಿಂತ ಮೇಲೂ ಕುದುರೆ ಪೂರ್ತಿ ಹಿಂದೆ ಹೋಗುವುದಿಲ್ಲ. ಆಗ ಅದರ ತುದಿಗೆ ನುಣ್ಣನೆಯ ಅರದಿಂದ ಒಂದೆರಡು ಎಳೆತ, ಜೋಡಿಸಿ ನೋಡುವುದು, ಮತ್ತೆ ಬಿಚ್ಚುವುದು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಆರು ಕೋಣೆಗಳನ್ನೂ ಪರೀಕ್ಷಿಸಿ. ಹಲ್ಲುಗಳಲ್ಲಿ ಒಂದಕ್ಕೊಂದು ಸಣ್ಣ ವ್ಯತ್ಯಾಸವಿರುತ್ತದೆ, ಅತಿ ಹಿಂದುಳಿದ ಕೋಣೆಗೆ ಹೊಂದುವಲ್ಲಿ ನಿಲ್ಲಿಸಬೇಕು. ಹೆಚ್ಚು ಉಜ್ಜಿ ಗಿಡ್ಡವಾದರೆ ಮತ್ತೆ ಹೊಸದೇ ಗತಿ.

ಬೋಲ್ಟಿನ ತಲೆ ಗಾಡಿಯಲ್ಲಿ ಅಲುಗಾಡದೆ, ಹಾಗೆಂದು ಕಚ್ಚಿಕೊಳ್ಳದೆ ಕೂರಬೇಕು. ಅದು ಮೇಲೇಳುವ ಹೊತ್ತು ಹಿಂಗಾಲಿನ ಉದ್ದದ ಮೇಲೆ ನಿಂತಿದೆ. ಕಾಲನ್ನು ಉಜ್ಜಿದಷ್ಟೂ ತಲೆ ಬೇಗ ಮೇಲೇಳುತ್ತದೆ. ಗಾಡಿಯ ಮುಂದೆ ಇಳಿಜಾರಾಗಿ ಕೊರೆದ ಒಂದು ಸಣ್ಣ ಹಾದಿ ಇರುತ್ತದಲ್ಲ, ತಲೆ ಆ ಹಾದಿಯಲ್ಲಿ ಮೇಲೆದ್ದು ಗಾಡಿಗೆ ಜಾರಬೇಕು. ಅದಕ್ಕೂ ಮುಂಚೆ ಎದ್ದರೆ ಸಿಲಿಂಡರಿನ ಸುತ್ತ ಗೀರು ಬೀಳುತ್ತದೆ, ಆ ಚಂದದ ಹಡಗುಗಳ ಕೆಳಗೇ. ಬೋಲ್ಟಿನ ಹಿಂಗಾಲು ಬಾಗಿ ಚಿಮ್ಮುವ ಭಾಗ, ಅದನ್ನು ಬಿಸಿ ಮಾಡಬೇಡಿ.

ಗಾಡಿಯ ಉಬ್ಬಿದ ಅಂಚನ್ನು ಅರದಿಂದ ತೆಗೆಯದೆ, ನಯವಾದ ಉಕ್ಕಿನ ತುಂಡಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಲೋಹ ತನ್ನ ಜಾಗಕ್ಕೆ ಮರಳುತ್ತದೆ. ಉಜ್ಜಿದ ಲೋಹ ಮರಳಿ ಬರುವುದಿಲ್ಲ.

ಇನ್ನೊಂದು ಪರೀಕ್ಷೆ ಮಾಡಿಬಿಡಿ. ಚೌಕಟ್ಟಿನಿಂದ ಮುಂದಕ್ಕೆ ಚಾಚಿರುವ ದಪ್ಪ ದಂಡ, ಅಂದರೆ ಆರ್ಬರ್, ನಳಿಗೆಯ ರಂಧ್ರದ ತಳಕ್ಕೆ ಮುಟ್ಟಬೇಕು. ಕೋಲ್ಟಿನ ಮೂಲ ಕೋವಿಗಳಲ್ಲಿ ಮುಟ್ಟುತ್ತದೆ, ಕೆಲವು ಪ್ರತಿಕೃತಿಗಳಲ್ಲಿ ಗಿಡ್ಡವಾಗಿರುತ್ತದೆ. ಸಿಲಿಂಡರ್ ಹಾಕದೆ ನಳಿಗೆಯನ್ನು ಓರೆಯಾಗಿ ತಿರುಗಿಸಿ ಆರ್ಬರಿನ ಮೇಲೆ ತಳದವರೆಗೆ ದೂಡಿ. ನಳಿಗೆಯ ಕೆಳಭಾಗದ ಅಂಚು ಚೌಕಟ್ಟಿನ ಅಂಚಿಗೆ ಸರಿಸಮ ನಿಂತರೆ ಒಳ್ಳೆಯದು. ಅದನ್ನು ದಾಟಿ ಹಿಂದಕ್ಕೆ ಹೋದರೆ ಆರ್ಬರ್ ಗಿಡ್ಡ. ಆಗ ಬೆಣೆ ಬಡಿದಷ್ಟೂ ನಳಿಗೆ ಸಿಲಿಂಡರಿನ ಕಡೆ ವಾಲುತ್ತದೆ, ಪ್ರತಿ ಸಲ ಜೋಡಿಸಿದಾಗಲೂ ಗುಂಡು ಬೇರೆ ಎತ್ತರಕ್ಕೆ ಹೋಗುತ್ತದೆ. ರಂಧ್ರದ ತಳಕ್ಕೆ ಅಳತೆಯ ಉಕ್ಕಿನ ಬಿಲ್ಲೆ ಹಾಕಿದರೆ ಮುಗಿಯಿತು. ಬೆಣೆ ಬಿಗಿದ ಮೇಲೆ ನಳಿಗೆಗೂ ಸಿಲಿಂಡರಿಗೂ ನಡುವೆ ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿಗಳಲ್ಲಿ) 0.08ರಿಂದ 0.15 ಮಿಲಿಮೀಟರ್ ಬಂದರೆ ನಾನು ತೃಪ್ತ.

ಕೊಲಂಬಸ್ ಕನ್ನಡಿಗ

ಎಲ್ಲ ಹೊಂದಿಸಿದ್ದಾಯಿತು. ಆರೂ ಕೋಣೆಗಳು ನಿಧಾನಕ್ಕೂ ಬಿರುಸಿಗೂ ಸರಿಯಾಗಿ ನಿಲ್ಲುತ್ತಿವೆ. ನಳಿಗೆ ಎತ್ತಿ ಎಳೆದರೂ ತಿರುಗುತ್ತದೆ. ಆರ್ಬರ್ ಗಿಡ್ಡವೇ ಆಗಿತ್ತು, ಬಿಲ್ಲೆ ಹಾಕಿದೆ, ಅಂತರ 0.13 ಮಿಲಿಮೀಟರ್. ಕುದುರೆ ಎಳೆದಂತೆ ಕ್ಲಿಕ್ಕುಗಳು ಒಂದರ ಹಿಂದೊಂದು ಕೇಳಿಸುವಾಗ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಈಗ ಮದ್ದಿನ ಅಳತೆ ಮತ್ತು ಗುರಿಯ ಬಗ್ಗೆ ತಿಳಿಸಿ.

ಬರ್ಮಿಂಗ್‌ಹ್ಯಾಮ್ 25

ಇದು ನನ್ನ ಅಚ್ಚುಮೆಚ್ಚಿನ ವಿಷಯ. ಬ್ರಿಟನ್ನಿನಲ್ಲಿ 1997ರ ಕಾಯ್ದೆ ಸಾಮಾನ್ಯ ಕೈಕೋವಿಗಳನ್ನು ನಿಷೇಧಿಸಿದಾಗ ಮುಂದಿನ ಬಾಯಿಯಿಂದ ಮದ್ದು ತುಂಬುವ ಕೋವಿಗಳನ್ನು ಬಿಟ್ಟಿತು. ಪೊಲೀಸರಿಂದ ಕೋವಿಗೊಂದು, ಮದ್ದಿಗೊಂದು ಪ್ರಮಾಣಪತ್ರ ಪಡೆದು ಹೊಡೆಯುತ್ತೇವೆ. ಇಂಥ ಕೋವಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಂಎಲ್‌ಎಐಸಿಯ 'ಮರಿಯೆಟ್' ಸ್ಪರ್ಧೆ ಕೇಪಿನ ರಿವಾಲ್ವರಿಗೆಂದೇ ಇದೆ: 25 ಮೀಟರ್ ದೂರ, ನಿಂತು ಒಂದೇ ಕೈಯಲ್ಲಿ, 30 ನಿಮಿಷದಲ್ಲಿ 13 ಈಡು, ಅದರಲ್ಲಿ ಉತ್ತಮವಾದ 10 ಲೆಕ್ಕಕ್ಕೆ.

.36ಕ್ಕೆ 0.375 ಅಂಗುಲದ ಶುದ್ಧ ಸೀಸದ ಗುಂಡು. ಮದ್ದು ಮೂರು ಎಫ್ ದರ್ಜೆಯ (ಸಣ್ಣ ಹರಳಿನ) ನಿಜವಾದ ಕಪ್ಪು ಮದ್ದು ಅಥವಾ ರಿವಾಲ್ವರಿಗೆ ಒಪ್ಪುವ ಬದಲಿ ಮದ್ದು. ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ಹಾಕಬಾರದು, ಕೋವಿ ಸಿಡಿಯುತ್ತದೆ. ತಯಾರಕರ ಕೈಪಿಡಿಯ ಮಿತಿಯೊಳಗೆ, ಗುರಿಗೆ 15ರಿಂದ 20 ಗ್ರೇನ್ ಸಾಕು. 20 ಗ್ರೇನ್ ಎಂದರೆ ಸುಮಾರು 1.3 ಗ್ರಾಂ. ಮದ್ದಿನ ಕುಪ್ಪಿಯಿಂದ ನೇರ ಕೋಣೆಗೆ ಸುರಿಯಬೇಡಿ, ಅಳತೆಯ ಕೊಳವೆಗೆ ಸುರಿದು ಅದರಿಂದ ಹಾಕಿ. ಒಳಗೆ ಕಿಡಿ ಉಳಿದಿದ್ದರೆ ಕೈಯಲ್ಲಿರುವ ಕುಪ್ಪಿಯೇ ಸಿಡಿಯುತ್ತದೆ.

ಕಡಿಮೆ ಮದ್ದು ಹಾಕಿದಾಗ ಗುಂಡು ಕೋಣೆಯ ತಳಕ್ಕಿಳಿದು ಬಾಯಿಂದ ದೂರವಾಗುತ್ತದೆ. ಗುಂಡಿಗೂ ಮದ್ದಿಗೂ ನಡುವೆ ಗಾಳಿ ಇರಬಾರದು, ಗುಂಡು ಬಾಯಿಯ ಹತ್ತಿರವೂ ಇರಬೇಕು. ಅದಕ್ಕೆ ಅಮೆರಿಕದವರು ಮದ್ದಿನ ಮೇಲೆ 'ಕ್ರೀಮ್ ಆಫ್ ವೀಟ್' ತುಂಬುತ್ತಾರೆ. ಅದು ನಮ್ಮ ಗೋಧಿ ರವೆಯೇ. ಉಪ್ಪಿಟ್ಟಿಗೆಂದು ಮನೆಯಲ್ಲಿರುವುದನ್ನೇ ನಾನು ಒಯ್ಯುತ್ತೇನೆ. ಗುಂಡನ್ನು ಒತ್ತುವಾಗ ಅಂಚಿನಿಂದ ತೆಳ್ಳನೆಯ ಸೀಸದ ಉಂಗುರವೊಂದು ಕತ್ತರಿಸಿ ಬರಬೇಕು. ಆರೂ ಕೋಣೆಗಳಲ್ಲಿ ಬಂದರೆ ಗುಂಡು ಬಿಗಿಯಾಗಿ ಕೂತಿದೆ ಎಂದರ್ಥ.

ತೀರ್ಥಹಳ್ಳಿ ತೋಟ

ಒಂದು ಕೋಣೆಗೆ ಹೊತ್ತಿದ ಬೆಂಕಿ ಪಕ್ಕದ ಕೋಣೆಗೂ ಹಾರುತ್ತದೆಂದು ಓದಿದ್ದೇನೆ. ಅದಕ್ಕೇನು ಉಪಾಯ?

ಬರ್ಮಿಂಗ್‌ಹ್ಯಾಮ್ 25

ಆಗುವುದುಂಟು. ಬೆಂಕಿ ಮುಂದಿನಿಂದ ಹಾರುತ್ತದೆಂದು ಒಂದು ಪಕ್ಷ, ಸಡಿಲ ಕೇಪಿನ ಮೂಲಕ ಹಿಂದಿನಿಂದ ಎಂದು ಇನ್ನೊಂದು. ನಾನು ಎರಡೂ ಬಾಗಿಲನ್ನು ಮುಚ್ಚುತ್ತೇನೆ: ಮದ್ದಿಗೂ ಗುಂಡಿಗೂ ನಡುವೆ ಮೇಣ ಸವರಿದ ಉಣ್ಣೆಯ ಬಿಲ್ಲೆ, ನಿಪಲ್ಲಿಗೆ ಬಿಗಿಯಾಗಿ ಕೂರುವ 10ನೇ ನಂಬರಿನ ಕೇಪು. ತುಸು ದೊಡ್ಡದಾದ 11ನೇ ನಂಬರನ್ನು ಚಿವುಟಿ ಕೂರಿಸುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ.

ಮಡಿಕೇರಿ ಮಂಜು

ಕೇಪು ಹೊಡೆದೂ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಕಪ್ಪು ಮದ್ದು ತಡವಾಗಿಯೂ ಹೊತ್ತುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಎರಡೂ ಇರಲಿ. ಕೇಪಿನ ತಾಮ್ರದ ಚೂರು ಎತ್ತ ಹಾರುತ್ತದೆಂದು ಹೇಳಲಾಗದು.

ಕೊಲಂಬಸ್ ಕನ್ನಡಿಗ

ರೇಂಜಿನಿಂದ ಬಂದೆ. ಒಂದು ಸಲವೂ ಸಿಲಿಂಡರ್ ತಪ್ಪಲಿಲ್ಲ. 25 ಗಜದಲ್ಲಿ ಗುಂಡುಗಳು ಒಂದು ಅಂಗೈಯಗಲದಲ್ಲಿ ಗುಂಪಾಗಿ ಬೀಳುತ್ತಿವೆ. ಆದರೆ ಗುಂಪು ಗುರಿಗಿಂತ ಸುಮಾರು 8 ಅಂಗುಲ ಮೇಲಿದೆ.

ಬರ್ಮಿಂಗ್‌ಹ್ಯಾಮ್ 25

ಅದು ನಿಮ್ಮ ಕೈಯ ದೋಷವಲ್ಲ, ಕೋಲ್ಟಿನ ಸ್ವಭಾವ. ಇದರ ಹಿಂದಿನ ನೋಟ, ಅಂದರೆ ಗುರಿ ಹಿಡಿಯುವ ಗುರುತು, ಕುದುರೆಯ ತಲೆಯಲ್ಲಿನ ಕಚ್ಚು, ಮುಂದಿನದು ಗಿಡ್ಡ ಹಿತ್ತಾಳೆ ಮಣಿ. ಹತ್ತಿರದ ಗುರಿಗೆ ಮೇಲಕ್ಕೇ ಹೊಡೆಯುತ್ತದೆ. ಎತ್ತರದ ಮುಂದಿನ ಮಣಿ ಹಾಕಿಸಿ. ಲೆಕ್ಕ ಸುಲಭ: ಎರಡು ನೋಟಗಳ ನಡುವಿನ ದೂರವನ್ನು ಅಳೆದು ತಪ್ಪಿದ ಅಂಗುಲದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ನೋಟಗಳ ನಡುವೆ 10 ಅಂಗುಲ ಎಂದಿಟ್ಟುಕೊಂಡರೆ, 8ನ್ನು 10ರಿಂದ ಗುಣಿಸಿ 900ರಿಂದ (25 ಗಜ ಎಂದರೆ 900 ಅಂಗುಲ) ಭಾಗಿಸಿದಾಗ ಸುಮಾರು 0.09 ಅಂಗುಲ, ಅಂದರೆ 2.3 ಮಿಲಿಮೀಟರ್. ತುಸು ಹೆಚ್ಚು ಎತ್ತರದ್ದನ್ನು ಹಾಕಿಸಿ, ರೇಂಜಿನಲ್ಲಿ ಹೊಡೆದು ನೋಡುತ್ತ ಅರದಿಂದ ಇಳಿಸಿಕೊಳ್ಳಿ. ಸ್ಪರ್ಧೆಯ ಆಸೆಯಿದ್ದರೆ ಮುಂದೆ ಸಿಲಿಂಡರಿನ ಮೇಲೂ ಚೌಕಟ್ಟಿನ ಪಟ್ಟಿಯಿರುವ ರೆಮಿಂಗ್ಟನ್ ಅಥವಾ ರಾಜರ್ಸ್ ಸ್ಪೆನ್ಸರ್ ಮಾದರಿ ನೋಡಿ. ಅವುಗಳ ಹಿಂದಿನ ನೋಟ ಚೌಕಟ್ಟಿನಲ್ಲೇ ಇದ್ದು ಅಲುಗಾಡುವುದಿಲ್ಲ. ಕೈಯಲ್ಲಿ ಕೂರುವ ಸುಖದಲ್ಲಿ ಮಾತ್ರ ನೇವಿಗೆ ಸಾಟಿಯಿಲ್ಲವೆಂಬುದು ನನ್ನ ಅಭಿಪ್ರಾಯ.

ತೀರ್ಥಹಳ್ಳಿ ತೋಟ

ಕೊಲಂಬಸ್‌ನವರೇ, ಗುರಿ ಸರಿಹೋಗುವುದು ಆಮೇಲಿರಲಿ. ಇವತ್ತು ರಾತ್ರಿಯೇ ತೊಳೆದಿರಾ? ಕಪ್ಪು ಮದ್ದು ಸುಟ್ಟಾಗ ಸುಮಾರು ಅರ್ಧ ಪಾಲು ಘನ ಕಣಗಳಾಗುತ್ತದೆ, ಅದರಲ್ಲಿ ಸ್ವಲ್ಪ ಹೊಗೆಯೊಂದಿಗೆ ಹೋದರೂ ಉಳಿದದ್ದು ಮಸಿಯಾಗಿ ಒಳಗೇ ಅಂಟುತ್ತದೆ. ಆ ಮಸಿ ಗಾಳಿಯ ತೇವ ಹೀರಿ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಸುತ್ತದೆ. ನಮ್ಮ ಮಳೆಗಾಲದಲ್ಲಿ ಊಟಕ್ಕೆ ಕೂರುವ ಮೊದಲು ತೊಳೆಯದಿದ್ದರೆ ನಳಿಗೆ ಕೆಂಪಾಗಿರುತ್ತದೆ. ಮರದ ಹಿಡಿಕೆ ತೆಗೆದಿಟ್ಟು, ಕುದಿಯುವ ನೀರಿಗೆ ಸ್ವಲ್ಪ ಸೋಪು ಹಾಕಿ ನಳಿಗೆ, ಸಿಲಿಂಡರ್ ಎರಡನ್ನೂ ಉಜ್ಜಿ. ನಿಪಲ್‌ಗಳನ್ನು ಬಿಚ್ಚಿ ರಂಧ್ರಕ್ಕೆ ಕಡ್ಡಿ ಹಾಕಿ. ಬಿಸಿ ನೀರಿನಲ್ಲಿ ತೊಳೆದ ಕಬ್ಬಿಣ ತಾನಾಗಿ ಒಣಗುತ್ತದೆ, ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಕೊಡಿ.

ಕೊಲಂಬಸ್ ಕನ್ನಡಿಗ

ತೊಳೆದು ಎಣ್ಣೆ ಹಾಕಿದ್ದೇನೆ ಸರ್. ನಿಪಲ್ ಬಿಚ್ಚುವಾಗ ಎರಡರ ತುದಿ ಚಪ್ಪಟೆಯಾಗಿರುವುದು ಕಂಡಿತು. ಹಿಂದಿನವರು ಕೇಪಿಲ್ಲದೆ ಕುದುರೆ ಬೀಳಿಸುತ್ತಿದ್ದಿರಬೇಕು. ಆರಕ್ಕೆ ಆರನ್ನೂ ಬದಲಿಸಲೇ, ಎರಡೇ ಸಾಕೇ?

ಟೂಲ್‌ರೂಮ್ ಪೀಣ್ಯ

ಆರನ್ನೂ ಬದಲಿಸಿ. ಒಂದೇ ತಯಾರಿಕೆಯ, ಒಂದೇ ಎತ್ತರದ ನಿಪಲ್‌ಗಳಿರಲಿ. ಕೊಳ್ಳುವ ಮುಂಚೆ ನಿಪಲ್ಲಿನ ಸ್ಕ್ರೂ ಎಳೆಯ ಅಳತೆ ನೋಡಿಕೊಳ್ಳಿ, ತಯಾರಕರಿಂದ ತಯಾರಕರಿಗೆ ಅದು ಬೇರೆ ಇರುತ್ತದೆ. ಹಾಕಿದ ಮೇಲೆ ಕುದುರೆಯನ್ನು ಹೆಬ್ಬೆರಳಿನಿಂದ ಹಿಡಿದು ನಿಧಾನ ಇಳಿಸಿ, ಅದರ ಮುಖ ನಿಪಲ್ಲಿಗೆ ತಾಗುವ ಮುನ್ನ ಚೌಕಟ್ಟಿಗೆ ನಿಲ್ಲುತ್ತದೆಯೇ ಎಂದು ನೋಡಿ, ನಡುವೆ ಒಂದು ತೆಳು ಕಾಗದ ಜಾರುವಷ್ಟು ಜಾಗವಿರಬೇಕು. ಎಷ್ಟಿದೆಯೆಂದು ಅಳೆದು ಇಲ್ಲಿ ಬರೆಯಿರಿ.